ಪದಚರ್ಚೆ: ‘ಸ್ಟ್ರಿಂಗ್’ಗೆ ಕನ್ನಡದಲ್ಲಿ ಏನನ್ನೋಣ? (ಸ್ವಲ್ಪ ಅವಸರ)

ಪಿಂಪ್ರಿಯಿಂದ:
ನಮಸ್ಕಾರ. ಭಾನುವಾರ ಇಲ್ಲಿಯ ಕನ್ನಡದ ಮಕ್ಕಳಿಗೆ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ. ಪಾಠದ ಹಾಳೆಗಳು ನಾಳೆ ಬೆಳಿಗ್ಗೆ ಝೆರಾಕ್ಸ್‌ಗೆ ಹೋಗಬೇಕು. ‘ಸ್ಟ್ರಿಂಗ್’ಗೆ, ಅಂದರೆ ಪ್ರೋಗ್ರಾಂನಲ್ಲಿ ಪದವನ್ನೋ ವಾಕ್ಯವನ್ನೋ ಇಡುವ ಅಕ್ಷರಗಳ ಸಾಲಿಗೆ, ‘ಅಕ್ಷರಸರಣಿ’ ಅಂತ ಬರೆದಿದ್ದೆ. ನೋಡಿದರೆ ಮುಂದಿನ ಪುಟದಲ್ಲಿ ‘ಅರೇ’ಗೂ (ಒಂದೇ ಬಗೆಯವನ್ನು ಸಾಲುಮನೆಗಳಲ್ಲಿ ಇಡುವುದು) ‘ಸರಣಿ’ ಅಂದಿದ್ದೇನೆ! ಜಾವಾದಲ್ಲಿ ಕ್ಯಾರೆಕ್ಟರ್ (ಅಕ್ಷರಗಳ) ಅರೇ ಬೇರೆ, ಸ್ಟ್ರಿಂಗ್ ಬೇರೆ. ಅರೇಯಲ್ಲಿ ಒಂದು ಮನೆ ಅಳಿಸಿ ಬರೆಯಬಹುದು, ಸ್ಟ್ರಿಂಗ್‌ನಲ್ಲಿ ಆಗದು. ‘ದಾರ’ ಅಂದರೆ ಥ್ರೆಡ್ (ಪ್ರೋಗ್ರಾಂನೊಳಗೆ ಜೊತೆಜೊತೆಗೆ ನಡೆಯುವ ಕೆಲಸದ ಎಳೆ) ಜೊತೆ ಗೊಂದಲ.

ಮಾಟುಂಗಾದಿಂದ:
‘ಸರಣಿ’ ಸಂಸ್ಕೃತ. ದಾರಿ ಅಂತ ಅರ್ಥ. ಬಿಡಿ. ‘ನೂಲು’ ಅನ್ನಿ. ತಮಿಳಿನಲ್ಲಿ ‘ನೂಲ್’ ಅಂದರೆ ಪುಸ್ತಕವೂ ಹೌದು. ನೂಲಿಗೂ ಬರಹಕ್ಕೂ ನಂಟು ಹಳೆಯದು. ಎರಡು ಸ್ಟ್ರಿಂಗ್ ಸೇರಿಸುವುದಕ್ಕೆ ‘ಹೊಸೆ’. ಮುಗಿಯಿತು.

ಮಡಗಾಂವದಿಂದ:
ಮುಗಿಯಲಿಲ್ಲ ಸ್ವಾಮಿ. ನೂಲು ಅಂದರೆ ಮಕ್ಕಳು ಚರಕ ಹುಡುಕಬೇಕು. ‘ಸ್ಟ್ರಿಂಗ್’ ಅಂತಲೇ ಇರಲಿ. ‘ಪಗಾರ’ ಪೋರ್ಚುಗೀಸರಿಂದ ಬಂದದ್ದು, ಒಂದನೇ ತಾರೀಖು ಯಾರೂ ಬೇಡ ಅನ್ನಲ್ಲ.

ಮಾಟುಂಗಾದಿಂದ:
ಅದಕ್ಕೆ ‘ಸಂಬಳ’ ಇದೆ.

ಮಡಗಾಂವದಿಂದ:
ಅದು ಸಂಸ್ಕೃತದ ‘ಶಂಬಲ’. ನೀವು ‘ಕೂಲಿ’ ತೆಗೆದುಕೊಳ್ಳಿ.

ಡೊಂಬಿವಲಿಯಿಂದ:
ಇಬ್ಬರೂ ಸುಮ್ಮನಿರಿ, ಆ ತಂಗಿಗೆ ನಾಳೆ ಕೆಲಸವಿದೆ. ‘ಸರ’ ಆಗಲ್ವಾ? ಮುತ್ತಿನ ಸರ, ಹವಳದ ಸರ. ಮರಾಠಿಯಲ್ಲೂ ‘ಸರ’ ಅಂತಾರೆ, ಅಲ್ಲಿಯ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಸೇರಿಸುವುದಕ್ಕೆ ‘ಪೋಣಿಸು’.

ಪಿಂಪ್ರಿಯಿಂದ:
‘ಸರ’ ಚೆನ್ನಾಗಿದೆ ಅಕ್ಕ. ಒಂದೇ ಕೊರತೆ. ನಿಜವಾದ ಸರಕ್ಕೆ ಇನ್ನೊಂದು ಮಣಿ ಪೋಣಿಸಿದರೆ ಅದೇ ಸರ ಉದ್ದವಾಗುತ್ತದೆ. ಜಾವಾದಲ್ಲಿ ಹಳೆಯದು ಹಾಗೇ ಇರುತ್ತದೆ, ಹೊಸ ಸರವೇ ಹುಟ್ಟುತ್ತದೆ. ಅದನ್ನು ಒಂದು ಸಾಲಿನಲ್ಲಿ ಹೇಳುತ್ತೇನೆ.
‘ಅಕ್ಷರ’ವನ್ನಂತೂ ತೆಗೆದೇ ಹಾಕಿದೆ. ‘ಕನ್ನಡ’ ಅನ್ನುವುದರ ಉದ್ದ ಕೇಳಿದರೆ ಜಾವಾ 5 ಅನ್ನುತ್ತದೆ. ಮಕ್ಕಳು ಬೆರಳು ಮಡಚಿ 3 ಅನ್ನುತ್ತಾರೆ. ಕ, ನ, ಹಲಂತ (‘ನ’ವನ್ನು ‘ನ್’ ಮಾಡುವ ಗುರುತು), ನ, ಡ. ಕಣ್ಣಿಗೆ ಕಾಣದ ಹಲಂತಕ್ಕೂ ಅದು ಒಂದು ಮಣಿ ಎಣಿಸುತ್ತದೆ. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಅದಕ್ಕೆ 6. ಹೋದ ವಾರ ಒಬ್ಬ ಹುಡುಗ ಪದ ತಿರುಗಿಸುವ ಪ್ರೋಗ್ರಾಂ ಬರೆದು ‘ಅಮ್ಮ’ ಹಾಕಿದ. ‘ಮ್ಮಅ’ ಬಂತು, ಕುಣಿದ. ‘ಅಕ್ಕ’ನೂ ಸರಿಬಂತು. ‘ಸ್ತ್ರೀ’ ಹಾಕಿದಾಗ ದೀರ್ಘದ ಗುರುತು ಮುಂದೆ ಬಂದು ಒಂಟಿಯಾಗಿ ನಿಂತಿತು. ಅರ್ಧ ಗಂಟೆ ಅದರಲ್ಲೇ ಹೋಯಿತು.
‘ಸರ’ ಅಂತ ತಿದ್ದಿ ಪೆನ್‌ಡ್ರೈವ್‌ಗೆ ಹಾಕಿದೆ.

ಮಾಟುಂಗಾದಿಂದ:
‘ಸರ’ವೂ ಸಂಸ್ಕೃತವೇ.