ಕಡಲ ಬದಿಯ ಮನೆ: ಎಸಿ ರಿಪೇರಿಯೋ, ಹೊಸದೋ?

ಪ್ರಶ್ನೆ: ಮನೆಯಿಂದ ಸಮುದ್ರಕ್ಕೆ 300 ಮೀಟರ್ ಇರಬಹುದು. ಎರಡು ಸ್ಪ್ಲಿಟ್ ಎಸಿ ಇವೆ, ಎರಡಕ್ಕೂ ಏಳು ವರ್ಷ. ಒಂದರ ಔಟ್‌ಡೋರ್ ಯೂನಿಟ್‌ನ ಹಿಂದಿನ ಅಲ್ಯೂಮಿನಿಯಂ ಎಸಳುಗಳು ಮುಟ್ಟಿದರೆ ಬಿಳಿ ಪುಡಿಯಾಗಿ ಉದುರುತ್ತವೆ, ಅದಕ್ಕೆ ವರ್ಷವರ್ಷ ಗ್ಯಾಸ್ ತುಂಬಿಸಬೇಕು. ಇನ್ನೊಂದು ತಣ್ಣಗೇನೋ ಮಾಡುತ್ತದೆ, ಆದರೆ 20ಕ್ಕೆ ಇಟ್ಟರೂ ಹಾಸಿಗೆ ಒದ್ದೆ ಒದ್ದೆ ಅನಿಸುತ್ತದೆ, ಕಪಾಟಿನ ಹಿಂದೆ ಬೂಷ್ಟು. ರಿಪೇರಿ ಮಾಡಿಸಲೋ, ಬದಲಿಸಲೋ? ಹೊಸದಾದರೆ ಚಳಿಗಾಲಕ್ಕೆ ಬಿಸಿ ಗಾಳಿಯೂ ಕೊಡುವಂಥದ್ದು ಬೇಕು. ತಿಳಿದವರು ಹೇಳಿ.

ಉತ್ತರ: ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವುದಿಲ್ಲ ಸರ್. ವರ್ಷವರ್ಷ ಕಮ್ಮಿಯಾಗುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ. ಸೋರಿಕೆ ಹುಡುಕದೆ ತುಂಬಿಸುವುದು ತೂತು ಕೊಡಕ್ಕೆ ನೀರು ಹೊತ್ತ ಹಾಗೆ. ತಾಮ್ರದ ಕೊಳವೆ, ಅದಕ್ಕೆ ಅಂಟಿದ ಅಲ್ಯೂಮಿನಿಯಂ, ನಡುವೆ ಉಪ್ಪಿನ ತೇವ: ಮೂರೂ ಸೇರಿದರೆ ಸಣ್ಣ ಬ್ಯಾಟರಿಯೇ ಆಯಿತು, ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಎಸಳು ಹೋದರೆ ಶಾಖ ಹೊರಬೀಳುವುದಿಲ್ಲ, ಒತ್ತಡ ಏರುತ್ತದೆ, ಕಂಪ್ರೆಸರ್ ಹೆಚ್ಚು ಕರೆಂಟ್ ಎಳೆದು ಕೊನೆಗೆ ಅದೂ ಕೆಟ್ಟು ಕೂರುತ್ತದೆ.

ನೈಟ್ರೋಜನ್ ತುಂಬಿ ಸೋಪ್ ನೀರು ಹಚ್ಚಿ ನೋಡಿಸಿ. ಆಕ್ಸಿಜನ್ ಸಿಲಿಂಡರ್ ತಂದರೆ ಅಲ್ಲೇ ನಿಲ್ಲಿಸಿ. ಒಳಗಿನ ಎಣ್ಣೆಯ ಜೊತೆ ಸೇರಿದರೆ ಸ್ಫೋಟವಾಗುತ್ತದೆ. ಗುಳ್ಳೆ ಫ್ಲೇರ್ ನಟ್‌ನಲ್ಲಿ, ಅಂದರೆ ಕೊಳವೆಯನ್ನು ಯೂನಿಟ್‌ಗೆ ಬಿಗಿಯುವ ನಟ್‌ನಲ್ಲಿ, ಬಂದರೆ ಅದೃಷ್ಟ: ಕೊಳವೆಯ ತುದಿ ಕತ್ತರಿಸಿ ಮತ್ತೆ ಅಗಲಿಸಿ (ಅದೇ ಫ್ಲೇರ್), ನಟ್ ಬದಲಿಸಿದರೆ ಮುಗಿಯಿತು. ಕಾಯಿಲ್‌ನಲ್ಲೇ, ಅಂದರೆ ಎಸಳುಗಳ ನಡುವೆ ಸುತ್ತಿದ ಕೊಳವೆಯಲ್ಲೇ, ಬಂದರೆ ಬೆಸುಗೆ ಹಾಕಿಸಬೇಡಿ, ಪಕ್ಕದಲ್ಲೇ ಇನ್ನೊಂದು ತೂತು ಕಾದಿರುತ್ತದೆ. ಪುಡಿಯಾಗುವ ಹಂತಕ್ಕೆ ಬಂದ ಯೂನಿಟ್ ಬದಲಿಸುವುದೇ ಸರಿ.

ಉತ್ತರ: ಹೊಸದನ್ನು ಎಲ್ಲಿ ಕೂರಿಸುತ್ತೀರಿ ಎನ್ನುವುದು ಮುಖ್ಯ. ಸಮುದ್ರದ ಗಾಳಿ ನೇರ ಬಡಿಯದ ಗೋಡೆಗೆ ಹಾಕಿಸಿ. ಸಜ್ಜಾದ ಕೆಳಗೆ ಮಳೆ ತಾಗದ ಹಾಗಿದ್ದರೆ ಒಳ್ಳೆಯದು ಎಂದು ಅನೇಕರು ನಂಬಿದ್ದಾರೆ. ಆಗುವುದು ತಿರುಗುಮುರುಗು. ಮಳೆ ಉಪ್ಪನ್ನು ತೊಳೆದುಬಿಡುತ್ತದೆ. ಸಜ್ಜಾದ ಕೆಳಗಿನ ಯೂನಿಟ್‌ನಲ್ಲಿ ಉಪ್ಪು ಕೂತಲ್ಲೇ ಕೂತು ರಾತ್ರಿಯ ತೇವ ಹೀರಿ ತಿನ್ನುತ್ತಲೇ ಇರುತ್ತದೆ. ಪ್ಲಾಸ್ಟಿಕ್ ಹೊದಿಕೆಯನ್ನೂ ಹಾಕಬೇಡಿ, ತೇವ ಒಳಗೇ ಉಳಿಯುತ್ತದೆ.

ಮಳೆ ಇಲ್ಲದ ತಿಂಗಳುಗಳಲ್ಲಿ ನಾಲ್ಕು ವಾರಕ್ಕೊಮ್ಮೆ ತೊಳೆಯಿರಿ. ಮೊದಲು ಎಸಿಗೆ ಕರೆಂಟ್ ಕೊಡುವ ಎಂಸಿಬಿ ಸ್ವಿಚ್ ಇಳಿಸಿ. ಸಿಹಿನೀರಿನ ಪೈಪಿನಿಂದ, ಗಿಡಕ್ಕೆ ಬಿಡುವಷ್ಟೇ ರಭಸದಲ್ಲಿ, ಮೇಲಿನಿಂದ ಕೆಳಗೆ ನೀರು ಹಾಯಿಸಿ. ಪ್ರೆಷರ್ ವಾಷರ್ ಹಿಡಿದರೆ ಎಸಳು ಮಡಚಿ ಗಾಳಿಯ ದಾರಿ ಮುಚ್ಚುತ್ತದೆ. ಆಸಿಡ್ ಕ್ಲೀನರ್ ಕೂಡದು. ವೈರ್ ಜೋಡಿಸುವ ಟರ್ಮಿನಲ್ ಇರುವ ಬದಿಯ ಮುಚ್ಚಳಕ್ಕೆ ನೀರು ಬೀಳದಿರಲಿ. ತಳದ ತಟ್ಟೆಯ ತೂತುಗಳಲ್ಲಿ ಕಸ ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಿ. ನಿಂತ ಉಪ್ಪುನೀರಿನಿಂದ ತುಕ್ಕು ಶುರುವಾಗುವುದೇ ಅಲ್ಲಿ.

ಉತ್ತರ: ಎರಡನೆಯ ಎಸಿಗೆ ರೋಗ ಬೇರೆ. ಅದು ತಣಿಸುತ್ತಿದೆ, ಒಣಗಿಸುತ್ತಿಲ್ಲ. 20ಕ್ಕೆ ಇಳಿಸುವುದರಿಂದಲೇ ಬೂಷ್ಟು ಹೆಚ್ಚುವುದು. 30 ಡಿಗ್ರಿ, ಶೇ. 80 ತೇವಾಂಶದ ಹೊರಗಾಳಿ ಸುಮಾರು 26 ಡಿಗ್ರಿಯ ಗೋಡೆಗೆ ತಾಗಿದರೂ ಸಾಕು, ಬೆವರುತ್ತದೆ. ನಿಮ್ಮ ಗೋಡೆ ಅದಕ್ಕಿಂತ ತಣ್ಣಗಿದೆ, ಸಂದಿಯಿಂದ ಹೊರಗಾಳಿ ಬರುತ್ತಿದೆ. ಅಟ್ಯಾಚ್ಡ್ ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಇಡೀ ರಾತ್ರಿ ಓಡುತ್ತಿದ್ದರೆ ಕಾರಣ ಅದೇ ಇರಬಹುದು: ಎಷ್ಟು ಗಾಳಿ ಹೊರಗೆ ತಳ್ಳುತ್ತದೋ ಅಷ್ಟೇ ಒದ್ದೆ ಗಾಳಿ ಒಳಬರಲೇಬೇಕು.

ತೇವಾಂಶ ಅಳೆಯುವ ಒಂದು ಹೈಗ್ರೋಮೀಟರ್ ತಂದಿಡಿ, ಶೇ. 50ರಿಂದ 60ರೊಳಗೆ ಇರಬೇಕು. 25–26ಕ್ಕೆ ಇಟ್ಟು, ಒಳಗಿನ ಫ್ಯಾನ್ ಕಡಿಮೆ ವೇಗದಲ್ಲಿಡಿ, ಸೀಲಿಂಗ್ ಫ್ಯಾನ್ ಹಾಕಿಕೊಳ್ಳಿ. ಗಾಳಿ ನಿಧಾನವಾಗಿ ಹಾದರೆ ಕಾಯಿಲ್ ಇನ್ನೂ ತಣ್ಣಗಾಗಿ ಹೆಚ್ಚು ನೀರು ಹಿಂಡುತ್ತದೆ. ಡ್ರೈನ್ ಪೈಪಿನ ತುದಿಗೆ ಬಾಟಲಿ ಹಿಡಿದು ನೋಡಿ: ಸೆಕೆಯ ದಿನ ಗಂಟೆಗೆ ಒಂದು ಲೀಟರ್ ಆಸುಪಾಸು ಬರಬೇಕು. ಬರದಿದ್ದರೆ ಫಿಲ್ಟರ್, ಒಳಗಿನ ಯೂನಿಟ್‌ನಲ್ಲಿ ಗಾಳಿ ಊದುವ ಉರುಳೆ (ಬ್ಲೋವರ್) ಎರಡೂ ನೋಡಿಸಿ. ಹೊಸದು ಕೊಳ್ಳುವಾಗ "ಇರಲಿ" ಎಂದು ದೊಡ್ಡ ಟನ್ ತರಬೇಡಿ. ಕೋಣೆ ಹತ್ತೇ ನಿಮಿಷಕ್ಕೆ ತಣಿದು ಕಂಪ್ರೆಸರ್ ನಿಲ್ಲುತ್ತದೆ, ಕಾಯಿಲ್ ಮೇಲಿನ ನೀರನ್ನು ಫ್ಯಾನ್ ಮತ್ತೆ ಕೋಣೆಗೇ ಊದುತ್ತದೆ.

ಪ್ರಶ್ನೆ: ತುಂಬಾ ಉಪಕಾರವಾಯಿತು. ಸರ್ವಿಸಿನವರು ಎರಡನೆಯದಕ್ಕೆ ಉಪ್ಪು ತಡೆಯುವ ಸ್ಪ್ರೇ ಹೊಡೆಯುತ್ತೇವೆ ಅಂತಾರೆ, ಹೊಡೆಸಲಾ?

ಉತ್ತರ: ಏಳು ವರ್ಷದ ಯೂನಿಟ್‌ಗೆ ಬೇಡ. ಕೂತ ಉಪ್ಪಿನ ಮೇಲೆಯೇ ಬಣ್ಣ ಹೊಡೆದ ಹಾಗೆ, ಒಳಗೊಳಗೇ ತಿನ್ನುತ್ತದೆ. ಹೊಸದಾದರೆ ಮೊದಲ ದಿನವೇ ಹೊಡೆಸಿದರೆ ಅರ್ಥವಿದೆ. ಅದಕ್ಕಿಂತ, ಕಾಯಿಲ್ ಜೋಡಿಸಿದ ಮೇಲೆ ಇಡಿಯಾಗಿ ಎಪಾಕ್ಸಿ ಎಂಬ ಗಟ್ಟಿ ಅಂಟಿನ ಲೇಪದಲ್ಲಿ ಅದ್ದಿ ಕೋಟ್ ಮಾಡಿದ ಮಾಡೆಲ್ ಕೇಳಿ. ಅಂಗಡಿಯಲ್ಲಿ ತೋರಿಸುವ ನೀಲಿ ಎಸಳು ಇದಲ್ಲ. ಅದು ಕತ್ತರಿಸುವ ಮೊದಲೇ ಹಚ್ಚಿದ ಪದರ, ಕತ್ತರಿಸಿದ ಅಂಚು ಬರಿಯ ಅಲ್ಯೂಮಿನಿಯಂ. ಏನೂ ಇಲ್ಲದ್ದಕ್ಕಿಂತ ವಾಸಿ, ಅಷ್ಟೇ.

ಉತ್ತರ: ಫಿಟ್ಟಿಂಗ್ ದಿನ ಪಕ್ಕದಲ್ಲೇ ನಿಂತು ನೋಡಿ. ಸ್ಟ್ಯಾಂಡ್ ಹಾಟ್-ಡಿಪ್ ಗ್ಯಾಲ್ವನೈಸ್ಡ್ (ಕರಗಿದ ಸತುವಿನಲ್ಲಿ ಅದ್ದಿದ್ದು) ಇರಲಿ, ಬೋಲ್ಟ್ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಎರಡರ ನಡುವೆ ನೈಲಾನ್ ವಾಷರ್. ಪೈಪಿನ ಹೊದಿಕೆ ಕನಿಷ್ಠ 13 ಮಿ.ಮೀ. ನೈಟ್ರೈಲ್ ರಬ್ಬರ್, ಗೋಡೆಯೊಳಗೆ ಹೋಗುವಲ್ಲಿ 19 ಆದರೆ ಇನ್ನೂ ಒಳ್ಳೆಯದು. ತಾಮ್ರ ಬರಿದಾಗಿ ಕಂಡ ಕಡೆಯೆಲ್ಲ ಬೆವರಿ ಗೋಡೆ ನೆನೆಯುತ್ತದೆ. ಡ್ರೈನ್ ಪೈಪಿಗೆ ಮೀಟರಿಗೆ 1 ಸೆಂ.ಮೀ. ಇಳಿಜಾರು. ಗ್ಯಾಸ್ ಬಿಡುವ ಮೊದಲು ಪಂಪ್‌ನಿಂದ ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯಬೇಕು (ವ್ಯಾಕ್ಯೂಮ್): ಮೀಟರಿನಲ್ಲಿ ಒತ್ತಡ 500 ಮೈಕ್ರಾನ್‌ಗಿಂತ ಕೆಳಗಿಳಿಯಬೇಕು, ಪಂಪ್ ನಿಲ್ಲಿಸಿ ಹದಿನೈದು ನಿಮಿಷ ಕಾದರೂ ಮತ್ತೆ 500 ದಾಟಬಾರದು. ಪಂಪ್ ತರದೆ "ಗ್ಯಾಸ್ ಬಿಟ್ಟೇ ಗಾಳಿ ಹೊರಹಾಕ್ತೇವೆ" ಎಂದರೆ ವಾಪಸ್ ಕಳಿಸಿ; ಹೊಸ ಎಸಿಗಳಲ್ಲಿ ಸಾಮಾನ್ಯವಾಗಿರುವ ಆರ್32 ಬೆಂಕಿ ಹಿಡಿಯುವ ಗ್ಯಾಸ್. ಔಟ್‌ಡೋರ್‌ಗೆ ವೈರ್ ಹೋಗುವ ತೂತನ್ನು ಗ್ಲಾಂಡ್ (ವೈರ್ ಸುತ್ತ ಬಿಗಿಯಾಗಿ ಕೂರುವ ಬಿರಡೆ) ಹಾಕಿ ಮುಚ್ಚಿಸಿ. ಹಲ್ಲಿ ನುಗ್ಗಿ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಮೇಲೆ ಸತ್ತರೆ ಪಿಸಿಬಿಯೂ ಸತ್ತಿತು.

ಬಿಸಿಗಾಳಿಗೆ ಹೀಟ್ ಪಂಪ್ ಇರುವ, ಅಂದರೆ ಹೊರಗಿನ ಶಾಖವನ್ನು ಒಳಗೆ ತರಬಲ್ಲ, ಇನ್ವರ್ಟರ್ ಎಸಿ ಸಾಕು. ಚಳಿ ಕಡಿಮೆ ಇರುವಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರರಷ್ಟು ಶಾಖ ಕೊಡುತ್ತದೆ. ಆಗ ನೀರು ತೊಟ್ಟಿಕ್ಕುವುದು ಹೊರಗಿನ ಯೂನಿಟ್‌ನಿಂದ, ಅದಕ್ಕೂ ಡ್ರೈನ್ ಎಲ್ಬೋ (ನೀರು ಪೈಪಿಗೆ ಹರಿಸುವ ಬಾಗಿದ ತುಂಡು) ಹಾಕಿಸಿ. ಹೊರಗೆ 5 ಡಿಗ್ರಿ ಹತ್ತಿರ ಬಂದರೆ ಆಗಾಗ ಕೆಲವು ನಿಮಿಷ ನಿಂತು ಹಿಮ ಕರಗಿಸಿಕೊಳ್ಳುತ್ತದೆ, ಮೇಲೆ ಬಿಳಿ ಹಬೆ ಏಳುತ್ತದೆ. ಹೊಗೆಯೆಂದು ಹೆದರಿ ಮೇನ್ ಆಫ್ ಮಾಡಬೇಡಿ.