ಸಹಾಯ ಬೇಕು: ತಂಗಿಗೆ ಫಿಟ್ಸ್ ಬರುತ್ತಿದೆ, ಆದರೆ ಮೂರ್ಛೆರೋಗ ಅಲ್ಲವಂತೆ

ಎಲ್ಲರಿಗೂ ನಮಸ್ಕಾರ. ಅಪ್ಪ ತೀರಿಕೊಂಡ ಮೇಲೆ ನನ್ನ ತಂಗಿಗೆ ಫಿಟ್ಸ್ ಥರ ಬರುತ್ತಿದೆ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ತಲೆ ಅತ್ತಿತ್ತ ಹೊರಳಿಸುತ್ತಾಳೆ, ಕೈಕಾಲು ತುಂಬಾ ಹೊತ್ತು ಅದುರುತ್ತೆ. ಫಿಟ್ಸ್ ಮಾತ್ರೆಯ ಡೋಸ್ ಏರಿಸಿದರೂ ಕಮ್ಮಿಯಾಗಲಿಲ್ಲ.

ಕೊನೆಗೆ ನರರೋಗ ತಜ್ಞರು ವಿಡಿಯೋ ಇಇಜಿ (ವಿಡಿಯೋ ತೆಗೆಯುತ್ತಲೇ ಮೆದುಳಿನ ಅಲೆಗಳನ್ನು ದಾಖಲಿಸುವ ಪರೀಕ್ಷೆ) ಮಾಡಿಸಿದರು. ಮೈ ಅದುರುವಾಗಲೇ ರೆಕಾರ್ಡ್ ಆಯಿತು. ಮೆದುಳಿನ ಅಲೆಗಳಲ್ಲಿ ಮೂರ್ಛೆರೋಗದ ಗುರುತೇ ಇಲ್ಲ. ಇದು ಡಿಸೋಸಿಯೇಟಿವ್ ಫಿಟ್ಸ್ (ಮನಸ್ಸಿಗೆ ಸಂಬಂಧಿಸಿ ತಾನಾಗೇ ಬರುವ ಫಿಟ್ಸ್), ಈ ಮಾತ್ರೆಗೆ ಬಗ್ಗಲ್ಲ, ಸೈಕಾಲಜಿಸ್ಟ್ ಹತ್ತಿರ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ನೆರವಾಗುವ ಮಾತಿನ ಚಿಕಿತ್ಸೆ) ಮಾಡಿಸಿ ಅಂದರು. ಯಾರ ಹತ್ತಿರ ಹೋಗಬೇಕು ಅಂತ ಹೇಳಲಿಲ್ಲ.

ಅವಳ ಗಂಡನ ಮನೆಯವರು ಈಗ "ಹಾಗಾದ್ರೆ ಇಷ್ಟು ದಿನ ನಾಟಕ ಮಾಡಿದ್ಲಾ?" ಅಂತಿದ್ದಾರೆ. ಅಡುಗೆಮನೆ ಕಟ್ಟೆಗೆ ಬಡಿದು ಅವಳ ತುಟಿ ಸೀಳಿದ್ದನ್ನು ನಾನೇ ನೋಡಿದ್ದೇನೆ. ಬೇಕಂತ ಯಾರಾದ್ರೂ ಹಾಗೆ ಬೀಳ್ತಾರಾ? ಅವಳಿಗೆ ಅದು ಬರೋದೂ ಗೊತ್ತಾಗಲ್ಲ, ತಡೆಯೋಕೂ ಆಗಲ್ಲ.

ಹುಬ್ಬಳ್ಳಿ-ಧಾರವಾಡ ಕಡೆ ಕನ್ನಡದಲ್ಲೇ ಥೆರಪಿ ಮಾಡುವ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರಾದರೂ ಗೊತ್ತಾ? ನರರೋಗ ತಜ್ಞರ ಜೊತೆ ಮಾತಾಡಿಕೊಂಡು ನೋಡುವವರಾದರೆ ಒಳ್ಳೇದು, ಯಾಕೆಂದರೆ ಮಾತ್ರೆಯನ್ನು ನಿಧಾನವಾಗಿ ಇಳಿಸಬೇಕಿದೆ. ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ತೋರಿಸಿದವರು ಇದ್ದರೆ, ಮೊದಲು ಯಾವ ಓಪಿಡಿಗೆ ಹೋಗಬೇಕು ಅಂತ ದಯವಿಟ್ಟು ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದ್ದೆ, ಸಮಾಧಾನವಾಗಿ ಮಾತಾಡಿದರು. ಆದರೆ ಅವಳಿಗೆ ವಾರವಾರ ಎದುರು ಕೂತು ಮಾತಾಡುವವರು ಬೇಕು.

ಗಾಳಿ, ದೃಷ್ಟಿ ಅನ್ನೋ ಸಲಹೆ ದಯವಿಟ್ಟು ಬೇಡ. ಮನೆಯವರಿಗೆ ಇದನ್ನು ಅರ್ಥ ಮಾಡಿಸಿದ ಅನುಭವ ನಿಮಗಿದ್ದರೆ ಅದನ್ನೂ ಬರೆಯಿರಿ. ಇನ್‌ಬಾಕ್ಸ್ ಮಾಡಿದರೂ ಸರಿ.