ಸಹಾಯ ಬೇಕು: ‘ಜೇನ್ ಏರ್’ ಪೂರ್ತಿ ಇರುವ ಮರುಮುದ್ರಣ ಯಾವುದು?

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗಳಿಗೆ ಕೊಡೋಣ ಅಂತ ಷಾರ್ಲೆಟ್ ಬ್ರಾಂಟೆಯ ಇಂಗ್ಲಿಷ್ ಕಾದಂಬರಿ ‘ಜೇನ್ ಏರ್’ನ ಹೊಸ ಮುದ್ರಣ ತರಿಸಿದೆ. ಕೊಡುವ ಮುಂಚೆ ಸುಮ್ನೆ ತಿರುವಿ ಹಾಕಿದರೆ ಏನೋ ಕಡಿಮೆ ಇದೆ ಅನ್ನಿಸಿತು. ಮೂಲದಲ್ಲಿ 38 ಅಧ್ಯಾಯ, ಇದರಲ್ಲಿ 31 ಮಾತ್ರ! ಸಂಕ್ಷಿಪ್ತ ಅಂತ ಎಲ್ಲೂ ಹಾಕಿಲ್ಲ. 1847ರಲ್ಲಿ ಮೂರು ಸಂಪುಟವಾಗಿ ಬಂದಿದ್ದರಿಂದ ಕೆಲವು ಮುದ್ರಣಗಳಲ್ಲಿ ಪ್ರತಿ ಸಂಪುಟಕ್ಕೂ ಅಧ್ಯಾಯದ ಸಂಖ್ಯೆ 1ರಿಂದ ಶುರುವಾಗುತ್ತದೆ, ಆದರೆ ಇದು ಹಾಗಲ್ಲ.

ಜಾಸ್ತಿ ಬೇಜಾರಾಗಿದ್ದು 27ನೇ ಅಧ್ಯಾಯ ನೋಡಿ. ತಾನು ಮದುವೆಯಾಗಬೇಕಿದ್ದ ರಾಚೆಸ್ಟರ್‌ಗೆ ಹೆಂಡತಿ ಇದ್ದಾಳೆ ಅಂತ ಗೊತ್ತಾದ ಮೇಲೆ, ಅವನ ಮೇಲೆ ಅಷ್ಟು ಪ್ರೀತಿ ಇದ್ದರೂ, ಜೇನ್ ನಸುಕಿನಲ್ಲಿ ಎಣ್ಣೆ ಮತ್ತು ಒಂದು ಗರಿ ಹುಡುಕಿ, ಕೀಲಿಗೂ ಬೀಗಕ್ಕೂ ಎಣ್ಣೆ ಸವರಿ, ಸದ್ದಿಲ್ಲದೆ ಹೊರಟು ಹೋಗುತ್ತಾಳಲ್ಲ, ಅದೆಲ್ಲ ಇಲ್ಲಿ ಎರಡೇ ಸಾಲು. ಆ ಹುಡುಗಿ ಓದಬೇಕಾದ್ದೇ ಅದು ಅಲ್ವಾ?

ಒಂದಕ್ಷರವೂ ಬಿಡದ ಮುದ್ರಣ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಹೇಳಿ. ಜೇನ್ ಪಾಠ ಹೇಳಿಕೊಡುವ ಪುಟ್ಟ ಹುಡುಗಿ ಅಡೆಲ್ ಆಡುವ ಫ್ರೆಂಚ್ ಮಾತುಗಳಿಗೆ ಅಡಿಯಲ್ಲಿ ಅರ್ಥ ಕೊಟ್ಟಿದ್ದರೆ ಇನ್ನೂ ಒಳ್ಳೆಯದು. ಅಕ್ಷರ ಸಣ್ಣದಿದ್ದರೂ ಪರವಾಗಿಲ್ಲ. ಮುಖಪುಟದ ಫೋಟೋ ಹಾಕಿದರೆ ಹುಡುಕೋದು ಸುಲಭ.